ಕಮಾನುಪಟ್ಟಿಯ ಕಥೆ

ಬಂಟ್ವಾಳ ಕ್ರಾಸ್ ರೋಡು ನಾಲಗೆಯ ಸೋಮಾರಿತನದಿಂದ ಬಿ.ಸಿ.ರೋಡ್ ಆಯಿತು. ಶಿರಾಡಿಯ ದಾರಿ, ಚಾರ್ಮಾಡಿಯ ದಾರಿ ಕವಲೊಡೆಯುವುದು ಇಲ್ಲಿಯೇ. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯ ಬಸ್ಸು ಮಂಗಳೂರಿನಿಂದ ಬಂಟ್ವಾಳಕ್ಕೆ ಓಡತೊಡಗಿದ್ದು 1914ರಲ್ಲಿ. ಆ ಕಾಲದ ಬಸ್ಸುಗಳ ಮೈಭಾರ ಹೊತ್ತದ್ದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದ ಕಮಾನು. ಪದವೇನೋ ಪಾರಸಿಯದು, ನಮ್ಮ 'ಬಿಲ್ಲು' ಏಕೆ ಹಿಂದೆ ಬಿದ್ದಿತೋ! 1943ರಲ್ಲಿ ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕೆನರಾ ವರ್ಕ್‌ಷಾಪ್ಸ್ ಸ್ಥಾಪಿಸಿದರು. ಅಲ್ಲಿಯ 'ಕೆನರಾ ಸ್ಪ್ರಿಂಗ್ಸ್' ಹೆಸರುವಾಸಿಯಾದವು.

ಪಟ್ಟಿ ಹೆಚ್ಚಿಸಿದರೆ ಹೊರೆ ತಡೆದೀತು, ಕುಳಿತವರ ನಡು ನೊಂದೀತು. ಪಟ್ಟಿಗಳು ತಮ್ಮತಮ್ಮಲ್ಲೇ ಉಜ್ಜಿಕೊಂಡು ಕುಣಿತವನ್ನು ಅಷ್ಟಿಷ್ಟು ಅಡಗಿಸುತ್ತವೆ. ಸುರುಳಿ ಸ್ಪ್ರಿಂಗಿಗೆ ಆ ಗುಣವಿಲ್ಲ. ಎಣ್ಣೆ ತುಂಬಿದ ಡ್ಯಾಂಪರು ಅದಕ್ಕೆ ಜೊತೆಯಾಗಲೇಬೇಕು. ವೇಗದ ಕಾರಿಗೆ ಗಡುಸು ಸ್ಪ್ರಿಂಗು ಹಾಕಿಸಿ ಹಳೆಯ ಡ್ಯಾಂಪರನ್ನೇ ಉಳಿಸಿಕೊಳ್ಳುವ ತರುಣರು ಇದನ್ನು ಮರೆಯುತ್ತಾರೆ. ನುಣುಪು ರಸ್ತೆಯಲ್ಲಿ ಅದು ಸೊಗಸೇ. ಚಾರ್ಮಾಡಿಯ ಹಿಮ್ಮುರಿ ತಿರುವಿನಲ್ಲಿ, ಮಳೆಗಾಲದ ಗುಂಡಿಯ ಮೇಲೆ ಚಕ್ರ ಪುಟಿದು ನೆಲ ಬಿಟ್ಟರೆ, ಬ್ರೇಕು ಹಿಡಿದೇನು ಫಲ? ಘಟ್ಟ ಹತ್ತುವವರು ಮೊದಲು ಡ್ಯಾಂಪರು ನೋಡಿಸಲಿ, ಆಮೇಲೆ ಅದಕ್ಕೊಪ್ಪುವ ಸ್ಪ್ರಿಂಗು. ಕಾರನ್ನು ತಗ್ಗಿಸಿದವರ ಪಾಡು ಬೇರೆ. ಘಟ್ಟಕ್ಕೆ ಮುಂಚೆಯೇ, ರಸ್ತೆಯ ಉಬ್ಬುಗಳ ಮೇಲೆ ಅವರ ಕಾರಿನ ಹೊಟ್ಟೆ ಉಜ್ಜುತ್ತದೆ.