ಮದರಾಸಿನ ಅರ್ಥಶಾಸ್ತ್ರವೂ ಮರಳಿ ಮರಳಿ ಕಂಡ ಹಳ್ಳಿಗಳೂ

1915ರ ಕೊನೆಯಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಆಂಗ್ಲ ವಿದ್ವಾಂಸರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ಅರ್ಥಶಾಸ್ತ್ರದ ಪ್ರಥಮ ಪ್ರಾಧ್ಯಾಪಕರಾಗಿ ಅಧಿಕಾರ ವಹಿಸಿಕೊಂಡರು. ಆ ವೇಳೆಗೆ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಐವತ್ತೆಂಟು ವರ್ಷಗಳು ಸಂದಿದ್ದವು. ಚೇಪಾಕದ ಕಡಲ ದಂಡೆಯಲ್ಲಿ ವಾಸ್ತುಶಿಲ್ಪಿ ಚಿಷೋಲ್ಮನು ಕಲ್ಪಿಸಿದ ಸೆನೆಟ್ ಭವನವು ತನ್ನ ಗುಮ್ಮಟಗಳೊಡನೆ ತಲೆಯೆತ್ತಿ ಒಂದು ತಲೆಮಾರೇ ಕಳೆದಿತ್ತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದಲೂ ಬಳ್ಳಾರಿಯಿಂದಲೂ ತರುಣರು ಅಲ್ಲಿಗೆ ಹೋಗಿ ಪದವೀಧರರಾಗಿ, ವಕೀಲರೂ ಮುನಸೀಫರೂ ಉಪಾಧ್ಯಾಯರೂ ಆಗಿ ಊರಿಗೆ ಹಿಂದಿರುಗುತ್ತಿದ್ದರು. ಆದರೂ ಆ ತರುಣರು ಬಿಟ್ಟುಬಂದ ಊರಿನಲ್ಲಿ ಒಂದು ಜೊತೆ ಎತ್ತಿಗೆ ಬೆಲೆಯೆಷ್ಟು, ಯಾರ ಗದ್ದೆ ಯಾರಲ್ಲಿ ಅಡವಿದೆ, ಕೂಲಿಯವನ ಮನೆಯಲ್ಲಿ ಬೇಸಗೆಯ ತಿಂಗಳುಗಳಲ್ಲಿ ಒಲೆ ಎಷ್ಟು ಹೊತ್ತು ಉರಿಯುತ್ತದೆ ಎಂಬ ವಿಷಯಗಳು ವಿದ್ವತ್ತಿನ ಪರಿಧಿಯೊಳಗೆ ಬರತಕ್ಕವೆಂದು ಯಾರೂ ಭಾವಿಸಿರಲಿಲ್ಲ. ಇಂಗ್ಲೆಂಡಿನ ಗ್ರಂಥಕರ್ತರನ್ನು ಓದಿ, ಇಂಗ್ಲೆಂಡಿನ ಗಿರಣಿಗಳ ದೃಷ್ಟಾಂತಗಳನ್ನು ಉರುಹೊಡೆದು, ಪರೀಕ್ಷೆಯಲ್ಲಿ ಒಪ್ಪಿಸಿದರೆ ಅರ್ಥಶಾಸ್ತ್ರದ ಅಧ್ಯಯನವು ಸಾಂಗವಾಯಿತೆಂದೇ ಎಣಿಕೆ.

ಸ್ಲೇಟರರು ಬಂದದ್ದು ಬೇರೆಯ ಹಾದಿಯಿಂದ. ಆಕ್ಸ್‌ಫರ್ಡಿನಲ್ಲಿ ಕಾರ್ಮಿಕವರ್ಗದವರ ವಿದ್ಯಾಭ್ಯಾಸಕ್ಕೆಂದೇ ಏರ್ಪಟ್ಟಿದ್ದ ರಸ್ಕಿನ್ ಕಾಲೇಜಿಗೆ ಅವರು ಮುಖ್ಯಸ್ಥರಾಗಿದ್ದರು. ಇಂಗ್ಲೆಂಡಿನ ಗ್ರಾಮಗಳ ಸಾಮುದಾಯಿಕ ಹೊಲಗಳು ಬೇಲಿಯೊಳಗಾಗಿ ಸಣ್ಣ ರೈತನು ನೆಲಗೆಟ್ಟ ವೃತ್ತಾಂತವನ್ನು ಕುರಿತ ಅವರ ಗ್ರಂಥವು 1907ರಲ್ಲಿಯೇ ಪ್ರಕಟವಾಗಿತ್ತು. ಊರೂರಿನ ದಾಖಲೆಗಳನ್ನು ತಿರುವಿಹಾಕಿದ ಅಂಥವರಿಗೆ, ಇಡೀ ದೇಶದ ದಾರಿದ್ರ್ಯವನ್ನು ಕುರಿತ ಘನವಾದ ವಾಗ್ವಾದಗಳಿಗಿಂತ ಒಂದು ಹಳ್ಳಿಯ ಲೆಕ್ಕವು ಹೆಚ್ಚು ವಿಶ್ವಾಸಾರ್ಹವಾಗಿ ತೋರಿದ್ದು ಸಹಜವೇ. ಅವರು ಒಂದು ಪ್ರಶ್ನಾವಳಿಯನ್ನು ಸಿದ್ಧಗೊಳಿಸಿ ವಿದ್ಯಾರ್ಥಿಗಳ ಕೈಗಿತ್ತು, ರಜೆಯಲ್ಲಿ ತಮಗೆ ಪರಿಚಯವಿರುವ ಹಳ್ಳಿಗಳಿಗೆ ಹೋಗಿ ಉತ್ತರಗಳನ್ನು ಬರೆದು ತರುವಂತೆ ಹೇಳಿದರು. ಅದರ ಫಲವೇ 1918ರಲ್ಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಮಾಲೆಯ ಮೊದಲನೆಯ ಸಂಪುಟವಾಗಿ ಹೊರಬಂದ, ದಕ್ಷಿಣ ಭಾರತದ ಕೆಲವು ಹಳ್ಳಿಗಳನ್ನು ಕುರಿತ ಗ್ರಂಥ.

ಹಳ್ಳಿಯ ಲೆಕ್ಕವನ್ನು ಕೇಳಿದವರಲ್ಲಿ ಸ್ಲೇಟರರು ಮೊದಲಿಗರೆಂದು ಇದರಿಂದ ತಿಳಿಯಕೂಡದು. ಟಿಪ್ಪುವಿನ ಪತನವಾದ ಮರುವರ್ಷ, ಅಂದರೆ 1800ರ ಏಪ್ರಿಲಿನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞಾನುಸಾರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇದೇ ಮದರಾಸಿನಿಂದ ಹೊರಟು, ಕಾಂಚೀಪುರ ವೆಲ್ಲೂರುಗಳ ಮಾರ್ಗವಾಗಿ ಘಟ್ಟವನ್ನೇರಿ ಬೇತಮಂಗಲದ ಕಡೆಯಿಂದ ಮೈಸೂರು ಸೀಮೆಯನ್ನು ಪ್ರವೇಶಿಸಿದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ದಿನಚರಿಯನ್ನು ಓದಿದವರು, ಸುಗ್ಗಿಯ ಕಣದಲ್ಲಿ ರಾಶಿಯನ್ನು ಪಾಲುಮಾಡುವ ಪ್ರಸಂಗವನ್ನು ಮರೆಯಲಾರರು. ರಾಶಿಯನ್ನು ಅಳೆಯುವುದಕ್ಕೆ ಮುಂಚೆ ದೇವರಿಗೆ ಇಷ್ಟು, ಬ್ರಾಹ್ಮಣನಿಗೆ ಇಷ್ಟು. ಗೌಡ, ಶಾನುಭೋಗ, ತಳವಾರ, ನೀರಗಂಟಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ ಇವರಲ್ಲಿ ಒಬ್ಬೊಬ್ಬರಿಗೂ ಸೇರು ಕೊಳಗಗಳ ಲೆಕ್ಕದಲ್ಲಿ ಅವರವರ ಆಯ. ಅದೆಲ್ಲ ಕಳೆದು ಉಳಿದುದರಲ್ಲಿ ಅರಮನೆಯ ಭಾಗವೂ ಒಕ್ಕಲಿನ ಭಾಗವೂ. ಮಾರುಕಟ್ಟೆಯ ಹೊರಗೆ ನಡೆಯುವ ವಿನಿಮಯವನ್ನು ಕುರಿತು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಪಂಡಿತರು ಬರೆಯಹೊರಟಾಗಲೂ ಈ ವೈದ್ಯನ ಟಿಪ್ಪಣಿಯನ್ನೇ ಆಶ್ರಯಿಸಿದರೆಂಬುದು ಅವನ ಕಣ್ಣಿನ ಚುರುಕಿಗೆ ಸಾಕ್ಷಿ. ಆದರೆ ಅವನ ಯಜಮಾನರಿಗೆ ಬೇಕಾಗಿದ್ದುದು ಹೊಸದಾಗಿ ಕೈಗೆ ಬಂದ ಸೀಮೆಯಿಂದ ಏನು ಹುಟ್ಟೀತು ಎಂಬ ಅಂದಾಜು. ಅದೇ ಕಾಲದಲ್ಲಿ ಕನ್ನಡ ಜಿಲ್ಲೆಯ ಆಡಳಿತವನ್ನು ಕೈಗೊಂಡು, ಅನಂತರ ಬಳ್ಳಾರಿಯೇ ಮೊದಲಾದ ದತ್ತ ಮಂಡಲಗಳಲ್ಲಿ ಹೊಲಹೊಲವನ್ನೂ ಅಳೆಯಿಸಿದ ಥಾಮಸ್ ಮನ್ರೋನ ವಿಷಯವೂ ಅದೇ. ರೈತನನ್ನು ನೇರವಾಗಿ ಕಂಡು ಮಾತನಾಡಿಸಿದ ಅಧಿಕಾರಿಯೆಂಬ ಕೀರ್ತಿ ಅವನಿಗೆ ಸಲ್ಲತಕ್ಕದ್ದೇ. ಆದರೆ ಆ ಸಂಭಾಷಣೆಯ ಕೊನೆಯ ವಾಕ್ಯವು ಯಾವಾಗಲೂ ಕಂದಾಯದ ಮೊಬಲಗಾಗಿರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಈ ಸರ್ಕಾರೀ ಜಿಜ್ಞಾಸೆಯ ಸ್ವರ ಸ್ವಲ್ಪ ಬದಲಾಯಿತು. ರಿಜಿಸ್ಟ್ರೇಷನ್ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಎಸ್. ಶ್ರೀನಿವಾಸ ರಾಘವಯ್ಯಂಗಾರರು, ನಾಲ್ವತ್ತು ವರ್ಷಗಳ ಬ್ರಿಟಿಷ್ ಆಡಳಿತದಲ್ಲಿ ಪ್ರಾಂತವು ಅಭಿವೃದ್ಧಿ ಹೊಂದಿತೆಂದು ಪ್ರತಿಪಾದಿಸುವ ಬೃಹತ್ತಾದ ಜ್ಞಾಪನಪತ್ರವನ್ನು 1890ರ ದಶಕದ ಆರಂಭದಲ್ಲಿ ರಚಿಸಿದರು. ಅವರ ನಿರ್ಣಯವನ್ನು ಒಪ್ಪದವರೂ ಅವರು ಕಲೆಹಾಕಿದ ಬೆಲೆ ಕೂಲಿಗಳ ವಿವರಗಳನ್ನು ಇಂದಿಗೂ ಬಿಡಲಾರರು. ಫ್ರೆಡರಿಕ್ ನಿಕೊಲ್ಸನ್ನರಂತೂ ಸಾಲದ ಪ್ರಶ್ನೆಯನ್ನೇ ಹಿಡಿದು, ಜರ್ಮನಿಯ ರೈಫೈಸನ್ನನ ಗ್ರಾಮಬ್ಯಾಂಕುಗಳನ್ನೂ ಮದರಾಸಿನಲ್ಲಿ ನಿಧಿಗಳೆಂದು ಕರೆಯುತ್ತಿದ್ದ ಪರಸ್ಪರ ಸಾಲದ ಸಂಘಗಳನ್ನೂ ಒಟ್ಟಿಗಿಟ್ಟು ಪರಿಶೀಲಿಸಿ, 1895 ಮತ್ತು 1897ರಲ್ಲಿ ಎರಡು ವರದಿಗಳನ್ನು ಒಪ್ಪಿಸಿದರು. 1904ರ ಸಹಕಾರ ಕಾಯಿದೆಗೆ ಅವು ಬುನಾದಿಯಾದವು. ಆ ಕಾಯಿದೆಯ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಂಘವೊಂದು ಏರ್ಪಟ್ಟ ಕಥೆ ಕನ್ನಡಿಗರಿಗೆ ಚಿರಪರಿಚಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಸ್ಲೇಟರರ ಪ್ರಶ್ನಾವಳಿಗೂ ಇವೆಲ್ಲಕ್ಕೂ ಇದ್ದ ಅಂತರವಿಷ್ಟೆ: ಅದರ ಹಿಂದೆ ತೆರಿಗೆಯೂ ಇರಲಿಲ್ಲ, ಕಾಯಿದೆಯೂ ಇರಲಿಲ್ಲ. ಕೇಳುವವನು ಅಮಲ್ದಾರನಾಗಿರದೆ ಊರಿನವನೇ ಆದ ಹುಡುಗನಾಗಿದ್ದನು. ತಿರುನೆಲ್ವೇಲಿಯ ಗಂಗೈಕೊಂಡಾನ್, ರಾಮನಾಡಿನ ವಡಮಲೈಪುರಂ, ತಂಜಾವೂರಿನ ಪಾಲಕುರಿಚ್ಚಿ, ಉತ್ತರ ಆರ್ಕಾಡಿನ ದೂಸಿ, ದಕ್ಷಿಣ ಆರ್ಕಾಡಿನ ಇರುವೇಲ್ಪಟ್ಟು, ಮಲಬಾರಿನ ಕಡೆಯ ಗುರುವಾಯೂರು ಮೊದಲಾದ ಊರುಗಳು ಹೀಗೆ ಅಕಸ್ಮಾತ್ತಾಗಿ ವಿದ್ವಲ್ಲೋಕಕ್ಕೆ ಪರಿಚಿತವಾದವು. ಅಕಸ್ಮಾತ್ತಾಗಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಇಂದಿನ ಸಂಖ್ಯಾಶಾಸ್ತ್ರಜ್ಞರು ಈ ಆಯ್ಕೆಯ ಕ್ರಮವನ್ನು ನೋಡಿದರೆ ಹುಬ್ಬುಗಂಟಿಕ್ಕುವುದರಲ್ಲಿ ಸಂದೇಹವಿಲ್ಲ. ಅದಕ್ಕಿಂತಲೂ ದೊಡ್ಡದಾದ ದೋಷವೊಂದಿತ್ತು. ಆ ಕಾಲದಲ್ಲಿ ಮದರಾಸಿನವರೆಗೆ ಬಂದು ಅರ್ಥಶಾಸ್ತ್ರವನ್ನು ಓದಬಲ್ಲವರು ಬಹುಮಟ್ಟಿಗೆ ಭೂಮಿಯುಳ್ಳ ಮನೆಗಳ, ಮೇಲಿನ ಜಾತಿಗಳ ಮಕ್ಕಳು. ಅವರು ಊರನ್ನು ನೋಡಿದ್ದು ತಮ್ಮ ಜಗಲಿಯ ಮೇಲಿನಿಂದ. ಚೇರಿಯ, ಎಂದರೆ ದಲಿತರ ಕೇರಿಯ, ಮನೆಯೊಳಗೆ ಕುಳಿತು ಅಲ್ಲಿಯ ಹೆಂಗಸಿನ ಬಾಯಿಂದಲೇ ಖರ್ಚಿನ ಲೆಕ್ಕವನ್ನು ಕೇಳಿ ಬರೆದುಕೊಳ್ಳುವುದು ಅವರಲ್ಲಿ ಎಷ್ಟು ಮಂದಿಗೆ ಸಾಧ್ಯವಿದ್ದೀತು? ಆದರೂ ಇರುವೇಲ್ಪಟ್ಟಿನಲ್ಲಿ ರೆಡ್ಡಿಯಾರ್ ಮನೆತನವೊಂದರ ಕೈಯಲ್ಲಿ ಊರಿನ ಭೂಮಿಯ ಬಹುಭಾಗವು ಸೇರಿದ್ದುದು, ಸಾಲದ ಕಾರಣದಿಂದ ಒಡೆಯನ ಮನೆಗೆ ಕಟ್ಟುಬಿದ್ದ ಪಡಿಯಾಳುಗಳ ದೈನ್ಯ, ಇವು ಪುಟಗಳ ನಡುವೆ ಅಡಗದೆ ಹೊರಬಿದ್ದಿವೆ. ನಮ್ಮ ಕಡೆಯ ಜೀತವನ್ನು ಬಲ್ಲ ಓದುಗರಿಗೆ ಪಡಿಯಾಳಿನ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಲೇಟರರು 1921ರಲ್ಲಿ ಪೀಠವನ್ನು ಬಿಟ್ಟರು. ಅವರ ಗ್ರಂಥವು ಒಂದು ಕಾಲದ ಚಿತ್ರವಾಗಿ ಕಪಾಟಿನಲ್ಲಿ ಉಳಿದುಬಿಡಬಹುದಾಗಿತ್ತು. ಹಾಗಾಗದಂತೆ ಮಾಡಿದವರು ಪಿ. ಜೆ. ಥಾಮಸರು. ಕೇರಳದ ಈ ವಿದ್ವಾಂಸರು ಆಕ್ಸ್‌ಫರ್ಡಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವನ್ನು ಕುರಿತು ಸಂಶೋಧನೆ ನಡೆಸಿ ಬಂದು ಮದರಾಸಿನ ಪ್ರಾಧ್ಯಾಪಕರಾದರು. ಕೆ. ಸಿ. ರಾಮಕೃಷ್ಣನ್ ಅವರೊಡನೆ ಸೇರಿ ಅವರು 1930ರ ದಶಕದ ಉತ್ತರಾರ್ಧದಲ್ಲಿ ಸ್ಲೇಟರರ ಹಳ್ಳಿಗಳನ್ನೇ ಮತ್ತೆ ಪರೀಕ್ಷೆಗೆ ಒಳಪಡಿಸಿದರು. ಆ ಮರುಸಮೀಕ್ಷೆ 1940ರಲ್ಲಿ ಪ್ರಕಟವಾಯಿತು. ಎರಡು ಸಮೀಕ್ಷೆಗಳ ನಡುವೆ ಜಗತ್ತಿನ ಆರ್ಥಿಕ ಮುಗ್ಗಟ್ಟು ಹಾದುಹೋಗಿ, ಭತ್ತದ ಬೆಲೆ ಕುಸಿದು, ಸಾಲದ ಮೊಬಲಗು ಮಾತ್ರ ಇದ್ದಲ್ಲಿಯೇ ನಿಂತಿತ್ತು. ಹತ್ತು ಮೂಟೆ ಮಾರಿ ತೀರಿಸಬಹುದೆಂದು ಮಾಡಿದ ಸಾಲಕ್ಕೆ ಇಪ್ಪತ್ತು ಮೂಟೆ ಮಾರಬೇಕಾಗಿ ಬಂದರೆ ರೈತನ ಗತಿಯೇನಾಗಬೇಕು? ಒಂದೇ ಸಲದ ಸಮೀಕ್ಷೆಯು ಇದ್ದುದನ್ನು ಹೇಳಬಲ್ಲುದೇ ಹೊರತು ಬಂದುದನ್ನೂ ಹೋದುದನ್ನೂ ಹೇಳಲಾರದು. ಮದರಾಸಿನ ಅರ್ಥಶಾಸ್ತ್ರಕ್ಕೆ ತನ್ನದೇ ಆದ ಒಂದು ಮಾರ್ಗವು ಲಭಿಸಿದ್ದು, ನನ್ನ ಎಣಿಕೆಯಲ್ಲಿ, 1918ರಲ್ಲಿ ಅಲ್ಲ, ಈ 1940ರಲ್ಲಿ. ಹೊಸ ಸಿದ್ಧಾಂತಗಳನ್ನು ಹುಟ್ಟಿಸಿದ ಹೆಮ್ಮೆ ಆ ನಗರಕ್ಕಿಲ್ಲ. ಹೋದ ಊರಿಗೇ ಮತ್ತೆ ಹೋಗುವ ಹಟವೇ ಅದರ ವಿಶೇಷ.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಸಂಶೋಧನೆಯೂ ಬೆಳೆಯುತ್ತಿತ್ತು. ಎಳುಂಬೂರಿನ ರೆಕಾರ್ಡ್ ಆಫೀಸಿನಲ್ಲಿ ರೆವಿನ್ಯೂ ಬೋರ್ಡಿನ ನಡವಳಿಗಳು ಶತಮಾನಕ್ಕೂ ಮೀರಿದ ಕಾಲದಿಂದ ಕೂಡಿಕೊಂಡು ಬಂದಿದ್ದವು. ಕಂದಾಯಕ್ಕಾಗಿ ಬರೆದ ಕಾಗದಗಳನ್ನು ಜನಜೀವನದ ಚರಿತ್ರೆಗಾಗಿ ಓದಬಹುದೆಂಬುದನ್ನು ತೋರಿಸಿಕೊಟ್ಟವರಲ್ಲಿ ಎ. ಶಾರದಾ ರಾಜು ಪ್ರಮುಖರು. 1800ರಿಂದ 1850ರ ವರೆಗಿನ ಪ್ರಾಂತದ ಆರ್ಥಿಕ ಸ್ಥಿತಿಯನ್ನು ಕುರಿತ ಅವರ ಗ್ರಂಥವನ್ನು ವಿಶ್ವವಿದ್ಯಾನಿಲಯವು 1941ರಲ್ಲಿ ಪ್ರಕಟಿಸಿತು. ಮಹಿಳೆಯೊಬ್ಬರು ಅರ್ಥಶಾಸ್ತ್ರದ ಸಂಶೋಧನೆಗೆ ತೊಡಗುವುದೇ ವಿರಳವಾಗಿದ್ದ ದಿನಗಳವು. ಆಮೇಲೆ 1965ರಲ್ಲಿ ಧರ್ಮಾ ಕುಮಾರ್ ಅವರು ದಕ್ಷಿಣ ಭಾರತದ ಭೂಮಿ ಮತ್ತು ಜಾತಿಗಳ ಸಂಬಂಧವನ್ನು ಕುರಿತ ತಮ್ಮ ಗ್ರಂಥದಲ್ಲಿ, ಭೂಹೀನ ಕೂಲಿಕಾರರು ಬ್ರಿಟಿಷರ ಆಡಳಿತದಿಂದಲೇ ಉತ್ಪನ್ನರಾದರೆಂಬ ಅಂದು ಪ್ರಚಲಿತವಾಗಿದ್ದ ಮತವನ್ನು ಪ್ರಶ್ನಿಸಿ, ಹೊಲೆಯ, ಪರೈಯ, ಪಳ್ಳ, ಚೆರುಮ ಮೊದಲಾದ ಸಮುದಾಯಗಳಿಗೆ ಜಾತಿಯ ಕಾರಣದಿಂದಲೇ ಭೂಮಿ ನಿಷಿದ್ಧವಾಗಿ, ದುಡಿಮೆಯು ಅದಕ್ಕೂ ಹಿಂದಿನಿಂದಲೇ ಅನಿವಾರ್ಯವಾಗಿತ್ತೆಂದು ಸಾಧಿಸಿದರು. ವಿದೇಶೀಯರನ್ನು ದೂರುವುದು ನಮಗೆ ಸುಲಭವೂ ಹಿತಕರವೂ ಆದುದರಿಂದ ಈ ಗ್ರಂಥಕ್ಕೆ ಪ್ರತಿರೋಧವು ಕಡಮೆಯೇನೂ ಇರಲಿಲ್ಲ. ಮೂಲಗೇಣಿ ಚಾಲಗೇಣಿಗಳ ನಾಡಾದ ದಕ್ಷಿಣ ಕನ್ನಡದವರು, 1843ರಲ್ಲಿ ಕಾಯಿದೆಯು ದಾಸ್ಯವನ್ನು ರದ್ದುಪಡಿಸಿದ ಮೇಲೂ ಧಣಿಯ ಅಂಗಳದಲ್ಲಿ ಏನು ಉಳಿಯಿತೆಂಬುದನ್ನು ಬಲ್ಲವರು, ಧರ್ಮಾ ಕುಮಾರ್ ಅವರ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ಮರಳಿ ಹೋಗಿ ನೋಡುವ ಈ ಪದ್ಧತಿಗೆ ಕನ್ನಡ ನಾಡಿನಲ್ಲಿಯೂ ಒಂದು ಉಜ್ಜ್ವಲವಾದ ನಿದರ್ಶನವಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದ ಮಧ್ಯಭಾಗದಲ್ಲಿ ಮಂಡ್ಯದ ಕಡೆ ಬಂದು ನೆಲಸಿ, ತಮ್ಮ ಗ್ರಂಥದಲ್ಲಿ ವಂಗಲ, ದಳೇನ ಎಂದು ಕರೆದ ಎರಡು ಹಳ್ಳಿಗಳನ್ನು ಅಭ್ಯಸಿಸಿದರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ದಳೇನಕ್ಕೆ ಬಂದಿರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಹಣವಂತವಾದರೂ ಅಲ್ಲಿಯ ಹಳೆಯ ಸಾಮಾಜಿಕ ಕಟ್ಟು ಹೆಚ್ಚು ಸಡಿಲಲಿಲ್ಲ. ನೀರು ಬಾರದ ಊರಿನವರು ಹೊಟ್ಟೆಪಾಡಿಗಾಗಿ ಕಾರ್ಖಾನೆ, ಕಂಟ್ರಾಕ್ಟು, ಹಿಟ್ಟಿನ ಗಿರಣಿ ಎಂದು ಹೊರಗಿನ ವ್ಯವಹಾರಗಳಿಗೆ ಇಳಿದುದರಿಂದ ಅಲ್ಲಿಯ ಕಟ್ಟುಪಾಡುಗಳೇ ಮೊದಲು ಅಲುಗಾಡಿದವು. ಹದಿನೈದು ವರ್ಷಗಳ ತರುವಾಯ ಆಕೆ ಮರಳಿ ಬಂದು ನೋಡಿ 1973ರಲ್ಲಿ ಇನ್ನೊಂದು ಗ್ರಂಥವನ್ನು ಬರೆದರು. 1998ರಲ್ಲಿ ಸೂರ್ಯನಾರಾಯಣ, ತಿಮ್ಮೇಗೌಡ ಎಂಬ ತಮ್ಮ ಸಹಾಯಕರೊಡನೆ ಮೂರನೆಯದನ್ನೂ ಪ್ರಕಟಿಸಿದರು.

ಮದರಾಸಿನಲ್ಲಿ ಈ ಪರಂಪರೆಯನ್ನು ಉಳಿಸಿಕೊಂಡದ್ದು ಅಡ್ಯಾರಿನ ಗಾಂಧೀನಗರದ ಸಂಸ್ಥೆ. ಯುನೆಸ್ಕೋದಲ್ಲಿ ಉನ್ನತ ಪದವಿಯಲ್ಲಿದ್ದು ಹಿಂದಿರುಗಿದ ಮಾಲ್ಕಂ ಆದಿಶೇಷಯ್ಯನವರು ಪತ್ನಿ ಎಲಿಜಬೆತ್ತರೊಡನೆ 1971ರಲ್ಲಿ ಅದನ್ನು ಆರಂಭಿಸಿದರು. ಮದರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆಯೆಂದು ಅದರ ಹೆಸರು. ಅಲ್ಲಿಗೆ ಬಂದವರಲ್ಲಿ ಎಸ್. ಗುಹನ್ ಅವರ ವೃತ್ತಾಂತವು ಕುತೂಹಲಕರವಾದುದು. ತಮಿಳುನಾಡು ಸರ್ಕಾರದ ಹಣಕಾಸಿನ ಕಾರ್ಯದರ್ಶಿಗಳಾಗಿದ್ದ ಅವರು ಕಡತಗಳನ್ನು ಬಿಟ್ಟು ಸಂಶೋಧನೆಗೆ ಇಳಿದು, 1980ರ ದಶಕದಲ್ಲಿ ಸ್ಲೇಟರರ ಹಳ್ಳಿಗಳನ್ನು ಮತ್ತೆ ಕಾಣುವ ಕಾರ್ಯಕ್ಕೆ ಬೆನ್ನೆಲುಬಾದರು. ನಡುವೆ ಮಾರ್ಗರೆಟ್ ಹ್ಯಾಸ್ವೆಲ್ ಎಂಬವರೂ ಆ ಊರುಗಳನ್ನು ನೋಡಿ 1967ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ್ದರು. ಕೂಲಿಯವರ ಮನೆಮನೆಯ ಲೆಕ್ಕವು ಸಮಗ್ರವಾಗಿ ಸಿಕ್ಕಿದ್ದು ಈ ನಂತರದ ಭೇಟಿಗಳಲ್ಲಿಯೇ. ಜಗಲಿಯಿಂದ ನೋಡಿದ ಊರನ್ನು ಕೊನೆಗೂ ಚೇರಿಯ ಕಡೆಯಿಂದ ನೋಡಲಾಯಿತು. 2008ರಲ್ಲಿ ಜಾನ್ ಹ್ಯಾರಿಸ್, ಜೆಯರಂಜನ್, ನಾಗರಾಜ್ ಎಂಬ ಮೂವರು ಇರುವೇಲ್ಪಟ್ಟಿಗೆ ಹೋದಾಗ ಪಡಿಯಾಳಿನ ಕಟ್ಟು ಮರೆಯಾಗಿತ್ತು, ಗಂಡಸರು ಊರ ಹೊರಗಿನ ಕೆಲಸಗಳಿಗೆ ಹೋಗುತ್ತಿದ್ದರು, ದೊಡ್ಡ ಮನೆಯ ಮಾತಿಗೆ ಹಿಂದಿನ ಬಿಗಿ ಇರಲಿಲ್ಲ. ತೊಂಬತ್ತು ವರ್ಷಗಳ ಅಂತರದಲ್ಲಿ ಒಂದೇ ಊರನ್ನು ಐದು ಸಲ ಕೇಳಿದ ಮೇಲೆ ಬಂದ ಉತ್ತರವಿದು. ಒಮ್ಮೆ ಮಾತ್ರ ಕೇಳಿದ್ದರೆ ದಾಸ್ಯವೇ ಆ ಊರಿನ ಸ್ವಭಾವವೆಂದು ಬರೆದುಬಿಡುತ್ತಿದ್ದರು.

ಗುಹನ್ ಅವರು ಕಾವೇರಿಯ ವಿವಾದವನ್ನು ಕುರಿತು 1993ರಲ್ಲಿ ಬರೆದ ಕಿರುಗ್ರಂಥವು, ಎರಡು ರಾಜ್ಯಗಳ ರಾಜಕಾರಣಿಗಳು ಕೂಗಾಡುತ್ತಿದ್ದ ಕಾಲದಲ್ಲಿ ಸಂಧಾನದ ದಾರಿಯನ್ನು ಹುಡುಕಿದ್ದರಿಂದ, ಎರಡು ಕಡೆಯವರಿಗೂ ಅಷ್ಟೇನೂ ಪ್ರಿಯವಾಗುವಂತಿರಲಿಲ್ಲ. ಆದರೂ ಆ ಬೀಜವು ವ್ಯರ್ಥವಾಗಲಿಲ್ಲ. 2003ರಲ್ಲಿ, ಮಳೆ ಕೈಕೊಟ್ಟ ವರ್ಷದ ಜಗಳವಿನ್ನೂ ಆರದಿರುವಾಗಲೇ, ಎಸ್. ಜನಕರಾಜನ್ ಮೊದಲಾದವರ ಪ್ರಯತ್ನದಿಂದ ಇದೇ ಅಡ್ಯಾರಿನ ಸಂಸ್ಥೆಯಲ್ಲಿ ಕರ್ನಾಟಕದ ರೈತರೂ ತಮಿಳುನಾಡಿನ ರೈತರೂ ಎದುರುಬದರಾಗಿ ಕುಳಿತರು. ಕಾವೇರಿ ಕುಟುಂಬವೆಂದು ಆ ಕೂಟಕ್ಕೆ ಹೆಸರಾಯಿತು. ಇಲ್ಲಿಯವರು ಮುಖಜ ಭೂಮಿಯ ಕಾಲುವೆಗಳನ್ನು ನೋಡಿ ಬಂದರು, ಅಲ್ಲಿಯವರು ನಮ್ಮ ಅಣೆಕಟ್ಟುಗಳನ್ನು ನೋಡಿ ಹೋದರು. ಸಂಕಷ್ಟದ ವರ್ಷದಲ್ಲಿ ನೀರನ್ನು ಹಂಚಿಕೊಳ್ಳುವ ಸೂತ್ರವು ಅವರ ಕೈಗೆ ಸಿಗಲಿಲ್ಲವೆಂಬುದು ನಿಜ; 2007ರಲ್ಲಿ ನ್ಯಾಯಾಧಿಕರಣವು ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಎಂದಿತು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು 177.25ಕ್ಕೆ ಇಳಿಸಿತು, ರೈತರ ಕೂಟವು ಬದಿಗೆ ಸರಿಯಿತು.

ಎಪ್‌ಸ್ಟೈನರ ವಂಗಲಕ್ಕೂ ಸ್ಲೇಟರರ ಪಾಲಕುರಿಚ್ಚಿಗೂ ನೀರುಣಿಸುವ ನದಿ ಒಂದೇ. ಎರಡಕ್ಕೂ ಹಿಂದಿನ ಲೆಕ್ಕಗಳು ಮುದ್ರಿತವಾಗಿ ಕೈಗೆ ಸಿಗುತ್ತವೆ. ಬೆಂಗಳೂರಿನಿಂದ ಒಬ್ಬರು, ಮದರಾಸಿನಿಂದ ಒಬ್ಬರು ಸೇರಿ ಈ ಎರಡು ಊರುಗಳನ್ನು ಒಂದೇ ಪ್ರಶ್ನಾವಳಿಯೊಡನೆ ಒಂದೇ ವರ್ಷದಲ್ಲಿ ನೋಡಿಬರುವುದಾದರೆ, ಸ್ಲೇಟರರ ಪ್ರಶ್ನೆಗಳಿಗೆ ಕೆಲವನ್ನು ಹೊಸದಾಗಿ ಸೇರಿಸಿಕೊಂಡು ಹೋಗಬೇಕಾದೀತು: ಈ ವರ್ಷ ನಿಮ್ಮ ಕಾಲುವೆಗೆ ನೀರು ಬಂದ ದಿನ ಯಾವುದು, ಬಾರದ ವರ್ಷ ಕೊಳವೆಬಾವಿಗೆಂದು ಮಾಡಿದ ಸಾಲ ಎಷ್ಟು, ಆ ವರ್ಷ ಮನೆಯಿಂದ ದುಡಿಯಲು ಪಟ್ಟಣಕ್ಕೆ ಹೋದವರಾರು, ಹೋದವರಲ್ಲಿ ಬೇಸಾಯಕ್ಕೆ ಮರಳಿದವರೆಷ್ಟು.