ಹೃದಯ ವೈಫಲ್ಯದ ರೋಗಿಗಳ ದಿನಚರಿ: ಸಲಹೆಗಳ ಇತಿಹಾಸ

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಹರಿಸಲು ಅದರ ಬಲ ಸಾಲದಿರುವುದು. ಏದುಸಿರು, ಕಾಲುಬಾವು, ಆಯಾಸ ಇದರ ಲಕ್ಷಣಗಳು. ದಣಿದ ಹೃದಯಕ್ಕೆ ವಿಶ್ರಾಂತಿ ಬೇಕೆಂಬ ಮಾತು ಎಷ್ಟು ಸಹಜವಾಗಿ ಒಪ್ಪಿಗೆಯಾಗುತ್ತದೆಂದರೆ, ಬಹುಕಾಲ ಅದನ್ನು ಯಾರೂ ಅಳೆದು ನೋಡಲಿಲ್ಲ. ಡಬ್ಲಿನ್‌ನ ವಿಲಿಯಂ ಸ್ಟೋಕ್ಸ್ 1854ರಲ್ಲೇ ಕೆಲವು ಹೃದ್ರೋಗಿಗಳಿಗೆ ಹಂತಹಂತವಾಗಿ ಹೆಚ್ಚಿಸುವ ನಡಿಗೆಯನ್ನು ಸೂಚಿಸಿದ್ದರು. 1944ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್, ಮಲಗಿಸಿಡುವುದರಿಂದಲೇ ಹೃದ್ರೋಗಿಗೆ ಕೇಡಾಗಬಹುದೆಂದು ಎಚ್ಚರಿಸಿದರು. ಆದರೂ 1960ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಜಾರ್ಜ್ ಬರ್ಚ್ ರೋಗಿಗಳನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿರಿಸಿದರು. ಕೆಲವರ ಹಿಗ್ಗಿದ ಹೃದಯ ಕುಗ್ಗಿದ್ದೂ ನಿಜ. ಆದರೆ ಹೃದಯದ ಅಳತೆಯೊಂದೇ ರೋಗಿಯ ಸ್ಥಿತಿಯನ್ನು ಹೇಳದು. ಮಲಗಿದವರ ತೊಡೆ, ಮೀನಖಂಡಗಳ ಸ್ನಾಯು ಕರಗುತ್ತದೆ. ಆಮೇಲೆ ನಾಲ್ಕು ಹೆಜ್ಜೆ ಇಟ್ಟರೂ ಉಸಿರು ಕಟ್ಟುತ್ತದೆ.

1990ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ಕೋಟ್ಸ್ ಮತ್ತು ಸಂಗಡಿಗರು ಕೇವಲ 11 ರೋಗಿಗಳಿಗೆ ಮನೆಯಲ್ಲೇ ಎಂಟು ವಾರ ವ್ಯಾಯಾಮದ ಸೈಕಲ್ ತುಳಿಸಿ ನೋಡಿದರು. ಅವರ ತ್ರಾಣ ಹೆಚ್ಚಿತು. ಇಷ್ಟು ಸಣ್ಣ ಪ್ರಯೋಗವನ್ನು ನಂಬುವುದು ಹೇಗೆಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ 2009ರಲ್ಲಿ 2,331 ರೋಗಿಗಳ 'ಎಚ್‌ಎಫ್-ಆ್ಯಕ್ಷನ್' ಅಧ್ಯಯನ ಉತ್ತರ ಕೊಟ್ಟಿತು: ವ್ಯಾಯಾಮದಿಂದ ಅಪಾಯವಿಲ್ಲ, ಬದುಕು ತುಸು ಹಗುರಾಗುತ್ತದೆ. ಸಾವು ಅಥವಾ ಆಸ್ಪತ್ರೆ ಸೇರುವುದು ಮಾತ್ರ ಖಚಿತವಾಗಿ ತಗ್ಗಲಿಲ್ಲ. ಹಾಗಾದರೆ ಪ್ರಯೋಜನವೇನು ಎನ್ನುವವರು, ಮೆಟ್ಟಿಲು ಹತ್ತಲಾಗದೆ ಕುಳಿತವರಿಗೆ ನಡೆಯುವ ಶಕ್ತಿ ಎಷ್ಟು ದೊಡ್ಡದೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಇದು ರೋಗ ಹತೋಟಿಯಲ್ಲಿರುವವರ ಮಾತು. ಮೈ ಬಾತು ಉಸಿರಾಡಲು ಒದ್ದಾಡುವವರಿಗೆ ಮೊದಲು ಚಿಕಿತ್ಸೆ, ನಡಿಗೆ ಆಮೇಲೆ.

ಉಪ್ಪಿನ ಕಥೆಯಲ್ಲಿ ತಿರುವು ತಡವಾಗಿ ಬಂತು. ರಷ್ಯಾದಲ್ಲಿ ಫಿಲಿಪ್ ಕಾರೆಲ್ 1860ರ ದಶಕದಲ್ಲಿ ಕೊಡುತ್ತಿದ್ದ ಹಾಲಿನ ಪಥ್ಯದಲ್ಲಿ ಉಪ್ಪಿನಂಶ ತೀರ ಕಡಿಮೆಯಿತ್ತು, ಬಾವು ಇಳಿಯುತ್ತಿತ್ತು. ಕಾಲಕ್ರಮೇಣ ಉಪ್ಪು ಬಿಡಿ ಎಂಬುದು ಹೆಚ್ಚುಕಡಿಮೆ ಪ್ರಶ್ನಾತೀತ ಸಲಹೆಯಾಯಿತು. 2022ರಲ್ಲಿ ಆರು ದೇಶಗಳ 806 ರೋಗಿಗಳ ಅಧ್ಯಯನದಲ್ಲಿ, ಉಪ್ಪನ್ನು ಇನ್ನಷ್ಟು ಬಿಗಿಗೊಳಿಸಿದ್ದರಿಂದ ಸಾವಾಗಲಿ ಆಸ್ಪತ್ರೆ ವಾಸವಾಗಲಿ ತಗ್ಗಲಿಲ್ಲ. ಇದನ್ನು ಉಪ್ಪು ತಿನ್ನಲು ಸಿಕ್ಕ ಪರವಾನಗಿಯೆಂದು ಓದುವುದು ತಪ್ಪು. ಆ ರೋಗಿಗಳು ಮೊದಲೇ ದಿನಕ್ಕೆ ಸುಮಾರು ಐದೂವರೆ ಗ್ರಾಂ ಉಪ್ಪಿನಷ್ಟರಲ್ಲಿದ್ದರು. ಭಾರತೀಯರ ಸರಾಸರಿ ಸುಮಾರು 8 ಗ್ರಾಂ. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಪ್ಪದ ಮನೆಗೆ ಆ ಫಲಿತಾಂಶ ಅನ್ವಯಿಸದು.