ರಕ್ತ ಬರದ ಗಾಯ

1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅವರ ಕಾರು ಅಪಘಾತಕ್ಕೀಡಾಗಿದ್ದು ನಮ್ಮ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ಆಗ ಅವರಿಗೆ 35 ವರ್ಷ. ಜೊತೆಗಿದ್ದ ಅರುಂಧತಿ ನಾಗ್ ಮತ್ತು ಮಗಳು ಬದುಕುಳಿದರು. ನಮ್ಮ ಕಡೆ ಹೈವೇ ಅಪಘಾತದ ಮಾತು ಬಂದರೆ ಇವತ್ತಿಗೂ ಮೊದಲು ಬರೋದು ಆ ಹೆಸರೇ. ಸಾವು ಎಲ್ಲರಿಗೂ ನೆನಪಿರುತ್ತೆ. ಅದೇ ರಸ್ತೆಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು, ಕೆಳಗಿಳಿದು, ಬಟ್ಟೆ ಕೊಡವಿಕೊಂಡು, 'ಏನೂ ಆಗಿಲ್ಲ ಬಿಡ್ರಿ' ಅಂತ ಮನೆಗೆ ಹೋದವರ ಲೆಕ್ಕ ಇಟ್ಟವರು ಯಾರು? ಮಾರನೇ ದಿನ ಬೆಳಿಗ್ಗೆ ಎದ್ದರೆ ಕತ್ತು ತಿರುಗಲ್ಲ. ನಾನು ಬರೀತಿರೋದು ಅವರ ಬಗ್ಗೆ.

ಈ ನೋವಿನ ಚರಿತ್ರೆ ಶುರುವಾಗೋದು ಕಾರಿನಿಂದಲ್ಲ, ರೈಲಿನಿಂದ. ಇಂಗ್ಲೆಂಡಿನಲ್ಲಿ ರೈಲುಗಳು ಡಿಕ್ಕಿಯಾದಾಗ ಮೈಮೇಲೆ ಗಾಯವೇ ಇಲ್ಲದ ಪ್ರಯಾಣಿಕರು ಆಮೇಲೆ ಕತ್ತು ನೋವು, ಬೆನ್ನು ನೋವು ಅಂತ ಬರತೊಡಗಿದರು. ಜಾನ್ ಎರಿಕ್ ಎರಿಕ್ಸನ್ ಅನ್ನೋ ಸರ್ಜನ್ 1866ರಲ್ಲಿ ಪುಸ್ತಕ ಬರೆದು, ಬೆನ್ನುಹುರಿಗೇ ಪೆಟ್ಟು ಬಿದ್ದಿದೆ ಅಂದರು. 'ರೈಲ್ವೇ ಸ್ಪೈನ್' ಅನ್ನೋ ಹೆಸರು ಕೋರ್ಟುಗಳಲ್ಲಿ ಓಡಾಡಿತು. ಪರಿಹಾರ ಕೊಡಬೇಕಾಗಿದ್ದ ಕಂಪನಿಗಳು ಸುಮ್ಮನಿರುತ್ತವಾ? ರೈಲ್ವೇ ಕಂಪನಿಯೊಂದರ ಸರ್ಜನ್ ಹರ್ಬರ್ಟ್ ಪೇಜ್ 1883ರಲ್ಲಿ, ಇದರಲ್ಲಿ ಹೆಚ್ಚಿನ ಪಾಲು ಭಯದಿಂದ ಆಗೋದು ಅಂತ ವಾದಿಸಿದರು. ಅಂದಿನಿಂದ ಈ ನೋವು ಆಸ್ಪತ್ರೆಯಲ್ಲಿ ರೋಗಿ, ಕೋರ್ಟಿನಲ್ಲಿ ಆರೋಪಿ.

1928ರಲ್ಲಿ ಅಮೆರಿಕದ ಮೂಳೆ ವೈದ್ಯ ಹೆರಾಲ್ಡ್ ಕ್ರೋ ಇದಕ್ಕೆ 'ವಿಪ್‌ಲ್ಯಾಶ್' ಅಂದರು, ಚಾಟಿ ಬೀಸಿದ ಹಾಗೆ ಅನ್ನೋ ಅರ್ಥದಲ್ಲಿ. ಹೆಸರು ಸರಿಯಾಗೇ ಇದೆ. ನಿಂತ ಕಾರಿಗೆ ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತೆ, ತಲೆ ಮಾತ್ರ ಇದ್ದಲ್ಲೇ ಉಳಿಯುತ್ತೆ. ನಡುವೆ ಸಿಕ್ಕ ಕತ್ತು ಒಂದು ಕ್ಷಣ ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ ಬಾಗುತ್ತೆ. ಸ್ನಾಯುಗಳು ಬಿಗಿ ಹಿಡಿಯೋಕೂ ಟೈಮ್ ಸಿಗಲ್ಲ. ಸೀಟಿನ ಮೇಲಿರೋ ಹೆಡ್‌ರೆಸ್ಟ್ ನಿದ್ದೆ ಮಾಡೋಕಲ್ಲ, ಇದಕ್ಕೇ ಇರೋದು. ಅಮೆರಿಕ 1969ರಿಂದ ಹೊಸ ಕಾರುಗಳ ಮುಂದಿನ ಸೀಟಿಗೆ ಅದನ್ನು ಕಡ್ಡಾಯ ಮಾಡಿತು. ನಮ್ಮ ಹಳೇ ಅಂಬಾಸಿಡರ್‌ನ ಉದ್ದ ಸೀಟಿನಲ್ಲಿ ತಲೆ ಆನಿಸೋಕೆ ಏನೂ ಇರಲಿಲ್ಲ.

ಅಂಥದ್ದೇ ಒಂದು ಕಾರಿನಲ್ಲಿ ನಮ್ಮ ದೊಡ್ಡಪ್ಪ ಹರಿಹರದಿಂದ ದಾವಣಗೆರೆಗೆ ಬರ್ತಿದ್ದಾಗ ಹಿಂದಿನಿಂದ ಲಾರಿ ಗುದ್ದಿತು. ನಾನಿನ್ನೂ ಪ್ರೈಮರಿ ಸ್ಕೂಲು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಂತ ಡಾಕ್ಟರುಗಳಿಗೇನೂ ಬರ ಇರಲಿಲ್ಲ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ, ಸರ್ಕಾರಿ ಸಿ.ಜಿ. ಆಸ್ಪತ್ರೆ ಇದೆ. ದೊಡ್ಡವ್ವ 'ಆಸ್ಪತ್ರೆಗೆ ಹೋಗಣ ನಡೀರಿ' ಅಂದ್ರೆ ದೊಡ್ಡಪ್ಪ, 'ಪೊಲೀಸ್ ಕೇಸ್ ಆಗ್ತೈತಿ, ಸುಮ್ನಿರು. ರಕ್ತ ಬಂದೈತೇನು?' ಅಂದ್ರು.

ಎಣ್ಣೆ ಹಚ್ಚಿ ನೀವಿದ್ದಾಯ್ತು, ದಿಂಬು ಬಿಸಿಲಿಗೆ ಹಾಕಿದ್ದಾಯ್ತು. ಸೊಂಟದ ಉಳುಕಾಗಿದ್ದರೆ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ತುಳಿಸ್ತಿದ್ರು, ಕತ್ತಾದ್ದರಿಂದ ಅದೊಂದು ತಪ್ಪಿತು. ಮೂರನೇ ದಿನ ಉಳುಕು ತೆಗೆಯೋರು ಗದ್ದ ಹಿಡಿದು ಲಟಕ್ಕನೆ ತಿರುಗಿಸಿದರು. ಆಮೇಲೆ ಬಲಗೈಯ ಎರಡು ಬೆರಳು ಜುಮುಜುಮು. ಕೊನೆಗೆ ಆಸ್ಪತ್ರೆಗೆ ಹೋದರೆ ಎಕ್ಸ್‌ರೇ ನೋಡಿ 'ಮೂಳೆ ಸರಿ ಇದೆ' ಅಂದರು. ಮೂಳೆ ಸರಿಯೇ ಇತ್ತು. ಇಂಥ ಪೆಟ್ಟು ಬೀಳೋದು ಹೆಚ್ಚಾಗಿ ಸ್ನಾಯು, ಕೀಲು, ನರಕ್ಕೆ, ಅವು ಎಕ್ಸ್‌ರೇಯಲ್ಲಿ ಕಾಣಲ್ಲ. ಈಗಲೂ ಯಾರಾದ್ರೂ ಹಿಂದಿನಿಂದ ಕರೆದರೆ ದೊಡ್ಡಪ್ಪ ಇಡೀ ಮೈ ತಿರುಗಿಸಿ ನೋಡ್ತಾರೆ.

1996ರಲ್ಲಿ ಲಿಥುವೇನಿಯಾದ ಒಂದು ಅಧ್ಯಯನ ಸುದ್ದಿ ಮಾಡಿತು. ವಿಮೆ ಪರಿಹಾರದ ರೂಢಿ ಇಲ್ಲದ ಆ ದೇಶದಲ್ಲಿ, ಹಿಂದಿನಿಂದ ಗುದ್ದಿಸಿಕೊಂಡವರಿಗೆ ಬಹುಕಾಲದ ಕತ್ತು ನೋವು ಉಳಿದವರಿಗಿಂತ ಹೆಚ್ಚೇನೂ ಇರಲಿಲ್ಲವಂತೆ. ದುಡ್ಡಿನ ಆಸೆಯೇ ನೋವು ಅನ್ನೋರಿಗೆ ಹಬ್ಬ. ಆದರೆ ದೊಡ್ಡಪ್ಪ ಒಂದು ರೂಪಾಯಿ ಪರಿಹಾರ ಕೇಳಲಿಲ್ಲ, ಕೇಳಬಹುದು ಅಂತಾನೂ ಗೊತ್ತಿರಲಿಲ್ಲ. ಒಂದು ಕತ್ತಿನಿಂದ ಒಂದು ಅಧ್ಯಯನ ಸುಳ್ಳಾಗಲ್ಲ, ಒಪ್ಪಿದೆ. ಆದರೂ ಸುಳ್ಳು ಹೇಳಿ ಪರಿಹಾರ ಪಡೆಯೋರ ಚಿಂತೆ ಆ ದೇಶಗಳದ್ದು. ನಮ್ಮಲ್ಲಿ ನಿಜವಾದ ನೋವನ್ನೇ ಯಾರೂ ಬರೆಸಲ್ಲ.

ಪೊಲೀಸ್ ಭಯಕ್ಕೆ ಕಾನೂನು ಆಗಲೇ ಉತ್ತರ ಕೊಟ್ಟಿತ್ತು. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್, ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದಲು ಚಿಕಿತ್ಸೆ, ಪೊಲೀಸ್ ಕಾಗದಪತ್ರ ಆಮೇಲೆ ಅಂದಿತ್ತು. ಆ ಸುದ್ದಿ ನಮ್ಮೂರಿಗೆ ಬರಲೇ ಇಲ್ಲ. 2008ರಲ್ಲಿ 108 ಆಂಬುಲೆನ್ಸ್ ಬಂತು. ಅದಕ್ಕೂ ಮೊದಲು ಗಾಯಾಳುವನ್ನು ಕೈಕಾಲು ಹಿಡಿದೆತ್ತಿ ಸಿಕ್ಕ ಗಾಡಿಗೆ ಹಾಕ್ತಿದ್ದರು, ಕತ್ತು ಎತ್ತ ಬೇಕಾದರೂ ಜೋತಾಡಲಿ. 2016ರಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂದು, ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಅಂತಾಯ್ತು.

ಕೆನಡಾದ ವೈದ್ಯರು 2001ರಲ್ಲಿ ಒಂದು ಸರಳ ನಿಯಮ ಮಾಡಿದರು. ವಯಸ್ಸು 65 ದಾಟಿದ್ದರೆ, ಡಿಕ್ಕಿ ಜೋರಾಗಿದ್ದರೆ, ಕೈಕಾಲು ಜುಮ್ಮೆಂದರೆ ಸ್ಕ್ಯಾನ್ ಅಥವಾ ಎಕ್ಸ್‌ರೇ ಆಗಲೇಬೇಕು. ಇವ್ಯಾವೂ ಇಲ್ಲದೆ, ಕತ್ತು ಎರಡೂ ಕಡೆ 45 ಡಿಗ್ರಿ ತಿರುಗಿದರೆ ಸಾಮಾನ್ಯವಾಗಿ ಬೇಕಿಲ್ಲ. ತಿರುಗುತ್ತಾ ಇಲ್ವಾ ಅಂತ ನೋಡಬೇಕಾದವರು ಡಾಕ್ಟರು, ಪಕ್ಕದ ಮನೆ ಮಾವ ಅಲ್ಲ. ಅಲ್ಲಿ ಅಪಘಾತ ಅಂತ ಬಾಯಿಬಿಟ್ಟು ಹೇಳಿ. ಕೈಯ ತರಚು ಗಾಯದ ಜೊತೆಗೆ ಕತ್ತು ನೋವೂ ವೂಂಡ್ ಸರ್ಟಿಫಿಕೇಟಿನಲ್ಲಿ ಬಂದಿದೆಯಾ ನೋಡಿಕೊಳ್ಳಿ. ನಾಳೆ ಟ್ರಿಬ್ಯುನಲ್‌ನಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲರು ಮೊದಲು ತೆಗೆಯೋದು ಆ ಹಾಳೆಯನ್ನೇ.